ಕುಂಬಳದ ತೂಕ ಗುಂಡಿಯಲ್ಲಿಲ್ಲ

ಅಕ್ಟೋಬರ್ ಬಂತೆಂದರೆ ದೈತ್ಯ ಕುಂಬಳಕಾಯಿಗಳ ಚಿತ್ರ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬೆನ್ನಿಗೇ ಓದುಗರ ಪ್ರಶ್ನೆಯೂ ಬರುತ್ತದೆ: ಇಷ್ಟು ದೊಡ್ಡ ಕಾಯಿ ಬಿಡಬೇಕಾದರೆ ಎಷ್ಟು ಆಳದ ಗುಂಡಿ ತೋಡಿದ್ದರು, ಎಷ್ಟು ಗಾಡಿ ಗೊಬ್ಬರ ಸುರಿದಿದ್ದರು? 2025ರಲ್ಲಿ ಇಂಗ್ಲೆಂಡಿನ ಅವಳಿ ಸೋದರರಾದ ಇಯಾನ್ ಮತ್ತು ಸ್ಟುವರ್ಟ್ ಪೇಟನ್ ಬೆಳೆದ ಕಾಯಿ 1,278.8 ಕೆ.ಜಿ. ತೂಗಿ ವಿಶ್ವದಾಖಲೆ ಬರೆಯಿತು. ಒಂದು ಸಣ್ಣ ಕಾರಿಗಿಂತ ಭಾರವಾದ ಕಾಯಿಯನ್ನು ನೋಡಿದವರು ಅದರ ಬುಡದಲ್ಲಿ ಏನೋ ನಿಧಿ ಹೂತಿರಬೇಕೆಂದು ಊಹಿಸುವುದು ಸಹಜ. ಆದರೆ ಊಹೆ ತಪ್ಪು. ಆಳದ ಗುಂಡಿ ತೋಡಿ ಹಸಿ ಗೊಬ್ಬರ ಗಿಡಿಯುವುದು ಅನಗತ್ಯ ಮಾತ್ರವಲ್ಲ, ಬಹಳ ಕಡೆ ಅದು ಗಿಡಕ್ಕೆ ಮಾಡುವ ಅಪಕಾರ.

ಮೊದಲು ತೂಕದ ಲೆಕ್ಕ ನೋಡೋಣ. ನಾವು ಪಲ್ಯಕ್ಕೆ ಹೆಚ್ಚುವ ಸಿಹಿಗುಂಬಳದಲ್ಲಿ ಶೇ. 91ಕ್ಕಿಂತ ಹೆಚ್ಚು ನೀರೇ ಇದೆ. ಉಳಿದದ್ದರಲ್ಲಿ ಬಹುಪಾಲು ಸಕ್ಕರೆ, ಪಿಷ್ಟ, ನಾರು. ಇವೆಲ್ಲ ಎಲೆಗಳು ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿದು ಬಿಸಿಲಿನ ಬಲದಿಂದ ತಯಾರಿಸಿದ ಸರಕು. ಸುಟ್ಟರೆ ಬೂದಿಯಾಗಿ ಉಳಿಯುವ ಖನಿಜ ಶೇ. 0.8ರಷ್ಟು ಮಾತ್ರ. ಅದೇ ಪ್ರಮಾಣ ಹಿಡಿದರೆ ದಾಖಲೆಯ ಆ ಕಾಯಿಯೊಳಗೆ ಮಣ್ಣಿನಿಂದ ಬಂದ ಖನಿಜ ಹತ್ತು ಕೆ.ಜಿ. ಆಸುಪಾಸು, ಅದರಲ್ಲಿ ಪೊಟ್ಯಾಸಿಯಂ ನಾಲ್ಕು ಕೆ.ಜಿ. ಚಿಲ್ಲರೆ. ಬೂದಿಯಲ್ಲಿ ಉಳಿಯದ ಸಾರಜನಕವನ್ನು ಬೇರೆಯಾಗಿ ಲೆಕ್ಕ ಹಾಕಿದರೆ ಎರಡು ಕೆ.ಜಿ. ಎಲೆ, ಹಂಬುಗಳ ಪಾಲನ್ನು ಸೇರಿಸಿ ಇದರ ಮೂರು ಪಟ್ಟು ಎಂದುಕೊಂಡರೂ ಗಾಡಿಗಟ್ಟಲೆ ಗೊಬ್ಬರಕ್ಕೆ ಸಮರ್ಥನೆ ಸಿಗುವುದಿಲ್ಲ. ಹದಿನೇಳನೇ ಶತಮಾನದಲ್ಲೇ ವಾನ್ ಹೆಲ್ಮಾಂಟ್ ಎಂಬ ವಿದ್ವಾಂಸ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿ ಬೆಳೆಸಿದ. ಮರ 169 ಪೌಂಡ್ ಆಯಿತು. ಮಣ್ಣು ಕಳೆದುಕೊಂಡದ್ದು ಸುಮಾರು ಎರಡು ಔನ್ಸ್. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದ್ದು ಸರಿಯಲ್ಲ, ಗಾಳಿಯ ಪಾತ್ರ ಅವನಿಗೆ ಗೊತ್ತಿರಲಿಲ್ಲ. ಆದರೆ ಗಿಡ ಮಣ್ಣು ತಿಂದು ಬೆಳೆಯುತ್ತದೆಂಬ ನಂಬಿಕೆ ಅಂದೇ ಬಿದ್ದುಹೋಗಬೇಕಿತ್ತು. ಬೀಳಲಿಲ್ಲ. ಅಮೆರಿಕದಲ್ಲಿ ಕುಂಬಳದ ಹಂಬನ್ನು ಸೀಳಿ, ಬತ್ತಿ ಸಿಕ್ಕಿಸಿ ಹಾಲು ಕುಡಿಸುವ ಪದ್ಧತಿ ಇತ್ತು. 1933ರಲ್ಲಿ ಬಂದ ಲಾರಾ ಇಂಗಲ್ಸ್ ವೈಲ್ಡರ್ ಅವರ ‘ಫಾರ್ಮರ್ ಬಾಯ್’ ಕಾದಂಬರಿಯ ಹುಡುಗ ಹಾಗೆ ಬೆಳೆಸಿದ ಕಾಯಿಗೆ ಮೊದಲ ಬಹುಮಾನವೇ ಬರುತ್ತದೆ. ಕಥೆಯಲ್ಲಿ ಚೆಂದ. ತೋಟದಲ್ಲಿ ಮಾತ್ರ ಅದು ಹಂಬಿಗೆ ಗಾಯ ಮಾಡಿ ಕೊಳೆರೋಗವನ್ನು ಕೈಯಾರೆ ಕರೆತರುವ ಮೂಢತನ.

ಹಾಗಾದರೆ ಮಣ್ಣಿಗೆ ಕೆಲಸವೇ ಇಲ್ಲವೇ ಎಂದು ಕೇಳಬಹುದು. ಇದೆ, ಅದು ಉಣಿಸುವ ಕೆಲಸಕ್ಕಿಂತ ದೊಡ್ಡದು. ಏರುಗಾಲದಲ್ಲಿ ದೈತ್ಯ ಕಾಯಿಯ ತೂಕ ದಿನಕ್ಕೆ 15–20 ಕೆ.ಜಿ. ಏರುತ್ತದೆ. ಅಷ್ಟು ಸಕ್ಕರೆ ಒದಗಬೇಕಾದರೆ ನೂರಾರು ಎಲೆಗಳ ಪತ್ರರಂಧ್ರಗಳು ಹಗಲಿಡೀ ತೆರೆದಿರಬೇಕು. ಬೇರು ಕಳಿಸುವ ನೀರು ತುಸು ಕಡಿಮೆಯಾದರೂ ಎಲೆ ಮಧ್ಯಾಹ್ನಕ್ಕೆ ಬಾಡಿ ರಂಧ್ರ ಮುಚ್ಚಿಕೊಳ್ಳುತ್ತದೆ, ಅಲ್ಲಿಗೆ ಆ ದಿನದ ಗಳಿಕೆ ನಿಂತಿತು. ನೀರೆಳೆಯುವ ಬೇರಿಗೆ ಉಸಿರಾಟವೂ ಬೇಕು, ಆಮ್ಲಜನಕವಾದರೋ ಗಾಳಿಗಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಈಗ ಗುಂಡಿಯನ್ನು ನೋಡಿ. ಒದ್ದೆ ಜೇಡಿಮಣ್ಣಿನಲ್ಲಿ ಸಲಿಕೆ ಇಳಿಸಿದರೆ ಕೊಯ್ದ ಗೋಡೆ ಮೆತ್ತಿದಂತೆ ನುಣ್ಣಗಾಗಿ ಹೊಳೆಯುತ್ತದೆ, ಸೂಕ್ಷ್ಮ ರಂಧ್ರಗಳೆಲ್ಲ ಬಳಿದು ಮುಚ್ಚಿಹೋಗಿರುತ್ತವೆ. ಒಳಗೆ ಸಡಿಲ ಗೊಬ್ಬರ, ಸುತ್ತ ಗಟ್ಟಿ ಗೋಡೆ: ಮಳೆ ಬಂದಾಗ ನೀರೆಲ್ಲ ಸಡಿಲ ಜಾಗಕ್ಕೇ ಇಳಿದು ಗುಂಡಿ ತೊಟ್ಟಿಯಾಗುತ್ತದೆ. ಎಳೆಯ ಬೇರಿನ ತುದಿ ನುಣುಪು ಗೋಡೆಗೆ ತಾಗಿ ಒಳಕ್ಕೇ ತಿರುಗುತ್ತದೆ. ಗೊಬ್ಬರ ಹಸಿಯಾಗಿದ್ದರಂತೂ ಕೊಳೆಯುವಾಗ ಉಳಿದಷ್ಟು ಆಮ್ಲಜನಕವನ್ನೂ ಅದೇ ಹೀರಿ, ಅಮೋನಿಯ ಬಿಟ್ಟು, ಉಪ್ಪಿನ ಅಂಶ ಏರಿಸಿ ಬೇರನ್ನು ಸುಡುತ್ತದೆ.

ಇಷ್ಟಕ್ಕೂ ಕುಂಬಳದ ಬೇರಿಗೆ ಆಳದ ಹಂಬಲ ಕಡಿಮೆ. ತಾಯಿಬೇರು ಕೆಳಗಿಳಿದರೂ ದುಡಿಯುವ ಬೇರುಗಳೆಲ್ಲ ಮೇಲ್ಪದರದ ಒಂದಡಿ ಮಣ್ಣಿನಲ್ಲೇ ಅಡ್ಡಡ್ಡ ಹರಡುತ್ತವೆ. ಹಂಬಿನ ಅಡಿಭಾಗವನ್ನು ಸ್ವಲ್ಪ ಎತ್ತಿ ನೋಡಿದರೆ, ಎಲೆಯ ತೊಟ್ಟು ಹುಟ್ಟುವ ಒಂದೊಂದು ಗಿಣ್ಣಿನ ಕೆಳಗೂ ಬಿಳಿಯ ಮೊನೆ ಕಾಣುತ್ತದೆ. ತೇವದ ಮಣ್ಣು ತಾಗಿದರೆ ಸಾಕು, ಅದು ಬೇರಾಗಿ ಇಳಿಯುತ್ತದೆ. ಈ ಗಿಡದ ಅದ್ಭುತವೇ ಇದು: ಮುಂದೆ ಸಾಗಿದಂತೆಲ್ಲ ಹೊಸ ಬುಡ ಹೂಡಿಕೊಳ್ಳುತ್ತದೆ. ಅದಕ್ಕೇ ಪಳಗಿದ ಬೆಳೆಗಾರರು ಹಂಬು ಚಾಚಿದ ಹಾಗೆ ಗಿಣ್ಣುಗಳ ಮೇಲೆ ಮಣ್ಣೇರಿಸುತ್ತಾ ಹೋಗುತ್ತಾರೆ. ಒಂದು ಗಿಡಕ್ಕೆ ಸುಮಾರು 30 ಅಡಿ ಉದ್ದ, 30 ಅಡಿ ಅಗಲದ ನೆಲ ಬಿಡುತ್ತಾರೆ ಎಂದಿಟ್ಟುಕೊಳ್ಳಿ. ಮೂರಡಿ ಚೌಕದ ಗುಂಡಿ ಆ ನೆಲದ ನೂರರಲ್ಲಿ ಒಂದು ಪಾಲು. ಆ ಒಂದು ಪಾಲಿಗೆ ಊರ ಗೊಬ್ಬರವನ್ನೆಲ್ಲ ಸುರಿದು ಉಳಿದ ತೊಂಬತ್ತೊಂಬತ್ತನ್ನು ತುಳಿದು ಗಟ್ಟಿ ಮಾಡಿದರೆ ಬೇರು ಹೋಗುವುದೆಲ್ಲಿಗೆ? ಬೆಳೆಗಾರರು ಹಂಬುಗಳ ನಡುವೆ ಹಲಗೆ ಹಾಸಿ ಅದರ ಮೇಲಷ್ಟೇ ಓಡಾಡುವುದು ಇದೇ ಕಾರಣಕ್ಕೆ.

ಇದಕ್ಕೆ ನಮ್ಮ ಹಳ್ಳಿಗಳಿಂದ ಒಂದು ಬಲವಾದ ಆಕ್ಷೇಪವಿದೆ: ತಿಪ್ಪೆಯ ಮೇಲೆ ತಾನಾಗಿ ಹುಟ್ಟಿದ ಕುಂಬಳ ಯಾರೂ ಆರೈಕೆ ಮಾಡದೆ ಸೊಂಪಾಗಿ ಕಾಯಿ ಬಿಡುವುದಿಲ್ಲವೇ? ಬಿಡುತ್ತದೆ. ಆದರೆ ತಿಪ್ಪೆ ನೆಲದ ಮೇಲಿದೆ, ಗುಂಡಿಯಲ್ಲಿಲ್ಲ. ನೀರು ನಿಲ್ಲದು, ಗಾಳಿ ಆಡುತ್ತದೆ. ಹಂಬು ಹರಡುವ ಅಂಚಿನಲ್ಲಿ ಗೊಬ್ಬರ ಕಳಿತು ಪುಡಿಯಾಗಿರುತ್ತದೆ. ತಿಪ್ಪೆಯ ಗಿಡ ನನ್ನ ವಾದಕ್ಕೇ ಸಾಕ್ಷಿ ಹೇಳುತ್ತದೆ. ನಮ್ಮ ರೈತರು ಒಂದೂವರೆ ಅಡಿಯ ಗುಂಡಿಗೆ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ ಬೀಜ ಊರುವುದನ್ನೂ ನಾನು ಹಳಿಯುವುದಿಲ್ಲ. ಇರುವಷ್ಟು ಗೊಬ್ಬರವನ್ನು ಬುಡಕ್ಕೆ ಕೊಟ್ಟು ಐದಾರು ಕೆ.ಜಿ.ಯ ಕಾಯಿಗಳನ್ನು ಪಡೆಯುವ ಬೇಸಾಯಕ್ಕೆ ಅದು ತಕ್ಕ ಜಾಣತನ. ಟನ್ನಿನ ಕಾಯಿಗೆ ಅದನ್ನೇ ಹಿಗ್ಗಿಸಲು ಹೊರಟಾಗ ಎಡವುತ್ತೇವೆ. ಇನ್ನೊಂದು ಆಕ್ಷೇಪ, ಎಲ್ಲವೂ ಬೀಜದ ಮಹಿಮೆ ಎನ್ನುವುದು. ಇದರಲ್ಲಿ ಬಹಳಷ್ಟು ಸತ್ಯವಿದೆ. ಕೆನಡಾದ ವಿಲಿಯಂ ವಾರ್ನಕ್ 1904ರಲ್ಲಿ ಸೇಂಟ್ ಲೂಯಿಸ್ ಜಾಗತಿಕ ಮೇಳಕ್ಕೆ ತಂದ 403 ಪೌಂಡಿನ ಕಾಯಿಯ ದಾಖಲೆ 1976ರವರೆಗೆ ಮುರಿಯಲಿಲ್ಲ. ಆಮೇಲೆ ನೋವಾ ಸ್ಕೋಷಿಯಾದ ಹೊವರ್ಡ್ ಡಿಲ್ ಆಯ್ದು ಆಯ್ದು ರೂಪಿಸಿದ ‘ಅಟ್ಲಾಂಟಿಕ್ ಜಯಂಟ್’ ತಳಿ ಆಟವನ್ನೇ ಬದಲಿಸಿತು. ಆ ಬೀಜದಲ್ಲಿ ಬದಲಾದದ್ದೇನು ಎಂಬುದನ್ನು ಸಸ್ಯವಿಜ್ಞಾನಿ ಜೆಸಿಕಾ ಸ್ಯಾವೇಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದರು: ದೈತ್ಯ ತಳಿಯ ಎಲೆಗಳು ಹೆಚ್ಚು ಚುರುಕಾಗಿ ಸಕ್ಕರೆ ಮಾಡುವುದಿಲ್ಲ, ಸಕ್ಕರೆ ಸಾಗಿಸುವ ಫ್ಲೋಯಂ ಅಂಗಾಂಶ ಮಾತ್ರ ಆ ತಳಿಯ ಎಲೆ, ಕಾಯಿಗಳ ತೊಟ್ಟುಗಳಲ್ಲಿ ಹೆಚ್ಚು. ಎಂದರೆ ತಳಿ ಸಾಗಣೆಯ ದಾರಿಯನ್ನು ಅಗಲ ಮಾಡಿತು. ಆ ದಾರಿಯಲ್ಲಿ ಸಾಗಬೇಕಾದ ಸರಕಿಗಾಗಿ ಎಲೆಗಳನ್ನು ದಿನವಿಡೀ ದುಡಿಸುವುದು ಈಗಲೂ ಬೇರಿನ ಕೈಯಲ್ಲೇ ಇದೆ.

ಆದ್ದರಿಂದ ನಾಟಿಯ ಗುಂಡಿ ಸಸಿಯ ಬೇರುಮುದ್ದೆ ಕೂರುವಷ್ಟಿದ್ದರೆ ಸಾಕು. ಅದರ ಗೋಡೆಯನ್ನು ಕೆರೆದು ಒರಟು ಮಾಡಿ, ಹೊರಗಿನ ಮಣ್ಣನ್ನೇ ತುಂಬಿ, ಸುತ್ತಲಿಗಿಂತ ತುಸು ಎತ್ತರಿಸಬೇಕು. ತಂಪು ದೇಶಗಳಲ್ಲಿ ಈ ದಿಬ್ಬ ಬೇಗ ಬೆಚ್ಚಗಾಗುವುದೂ ಒಂದು ಲಾಭ. ಉಳಿದ ದುಡಿಮೆಯೆಲ್ಲ ಇಡೀ ತಾಕಿಗೆ ಸಲ್ಲಬೇಕು, ಅದೂ ಹಿಂದಿನ ವರ್ಷವೇ. ಪಳಗಿದ ಬೆಳೆಗಾರರು ಕೊಯ್ಲು ಮುಗಿದ ಕೂಡಲೇ ಮಣ್ಣು ಪರೀಕ್ಷೆ ಮಾಡಿಸಿ, ರಸಸಾರ 6.5ರಿಂದ 7ರ ನಡುವೆ ಇರುವಂತೆ ನೋಡಿಕೊಂಡು, ಗೊಬ್ಬರವನ್ನೂ ತರಗೆಲೆಯನ್ನೂ ತಾಕಿನ ತುಂಬ ಸಮನಾಗಿ ಹರಡಿ ಮೇಲ್ಮಣ್ಣಿಗೆ ಬೆರೆಸಿ, ಮೇಲೆ ರೈ ಎಂಬ ಧಾನ್ಯ ಬಿತ್ತಿ ಬಿಡುತ್ತಾರೆ. ಚಳಿಗಾಲವಿಡೀ ಗೊಬ್ಬರ ಕಳಿಯುತ್ತದೆ, ರೈ ಬೇರುಗಳು ಮಣ್ಣನ್ನು ಹಿಡಿದಿಟ್ಟು ಸಡಿಲಿಸುತ್ತವೆ. ವಸಂತದಲ್ಲಿ ಆ ಪೈರನ್ನು ಮಣ್ಣಿಗೇ ಮಡಚಿ, ಅದು ಕರಗಲು ಕೆಲವು ವಾರ ಬಿಟ್ಟು, ಆಮೇಲೆ ಕುಂಬಳದ ಸಸಿ ನೆಡುತ್ತಾರೆ.