ಕಿಟಕಿಯಾಚೆಗಿನ ಊರು

ಮನೆಯ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಊಟ, ಔಷಧ, ಹೊದೆಯಲು ಕಂಬಳಿ ಒದಗಿಸಿದರೆ ಕರ್ತವ್ಯ ತೀರಿತೆಂದು ನಾವು ನೆಮ್ಮದಿ ಪಡುತ್ತೇವೆ. ಆದರೆ ಕಾಲು ಸೋತವರಿಗೆ ಮೊದಲು ಕೈತಪ್ಪುವುದು ಊರು. ಸಂತೆ, ದೇವಸ್ಥಾನ, ನೆರೆಮನೆಯ ಜಗಲಿ ಒಂದೊಂದಾಗಿ ದೂರವಾಗುತ್ತವೆ. ಕಡೆಗೆ ಅವರ ಪಾಲಿಗೆ ಲೋಕವೆಂದರೆ ಒಂದು ಕಿಟಕಿ.

ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಓಲೆ ಕಾಸೋ ಎಂಬವರ ಮನಸ್ಸಿಗೆ 2012ರಲ್ಲಿ ಈ ಸಂಗತಿ ನಾಟಿತು. ವೃದ್ಧರೊಬ್ಬರು ಬೆಂಚಿನ ಮೇಲೆ ಸುಮ್ಮನೆ ಕುಳಿತಿರುವುದನ್ನು ಅವರು ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಾಣುತ್ತಿದ್ದರು. ಒಂದು ದಿನ ಸೈಕಲ್ ರಿಕ್ಷಾ ಬಾಡಿಗೆಗೆ ತಂದು, ವೃದ್ಧಾಶ್ರಮದವರನ್ನು ಕೂರಿಸಿಕೊಂಡು ಊರು ಸುತ್ತಿಸಿದರು. ನಗರಾಡಳಿತದ ಡಾರ್ಟೆ ಪೆಡರ್ಸನ್ ಅವರ ನೆರವಿನಿಂದ ಮೊದಲಿಗೆ ಐದು ಗಾಡಿಗಳು ಒದಗಿದವು. ‘ಸೈಕ್ಲಿಂಗ್ ವಿದೌಟ್ ಏಜ್’ ಎಂಬ ಹೆಸರಿನ ಆ ಕಾರ್ಯ ಇಂದು ಸಿಂಗಾಪುರವೂ ಸೇರಿ ಹಲವು ದೇಶಗಳಲ್ಲಿ ನಡೆಯುತ್ತಿದೆ.

ಆ ಗಾಡಿಯ ರಚನೆಯೇ ಬೇರೆ. ನಮ್ಮ ರಿಕ್ಷಾದಲ್ಲಿ ತುಳಿಯುವವನು ಮುಂದೆ, ಕುಳಿತವರು ಹಿಂದೆ. ಅಲ್ಲಿ ಹಿರಿಯರಿಬ್ಬರು ಮುಂದೆ, ತುಳಿಯುವವರು ಹಿಂದೆ. ಹೀಗಾಗಿ ನೋಟಕ್ಕೆ ಅಡ್ಡಿಯಿಲ್ಲ, ಮಾತಿಗೂ ಅನುಕೂಲ. ಏರಿನಲ್ಲಿ ವಿದ್ಯುತ್ ಮೋಟಾರು ನೆರವಾಗುತ್ತದೆ. ಗಾಲಿಕುರ್ಚಿಯನ್ನೇ ಏರಿಸಿಕೊಳ್ಳುವ ಗಾಡಿಗಳೂ ಉಂಟು. ತುಳಿಯುವವರು ಸ್ವಯಂಸೇವಕರು, ಬಾಡಿಗೆಯ ಮಾತಿಲ್ಲ. ನಿಧಾನವಾಗಿ ಸಾಗಬೇಕು, ಹಿರಿಯರ ಕಥೆಗೆ ಕಿವಿಗೊಡಬೇಕು ಎಂಬುದು ಅಲ್ಲಿನ ನಿಯಮ.

ನಮ್ಮ ತಮಿಳುನಾಡಿನಲ್ಲಿ ಮನುಷ್ಯ ಕೈಯಿಂದ ಎಳೆಯುವ ರಿಕ್ಷಾವನ್ನು ಸರಕಾರ 1973ರಲ್ಲಿ ನಿಲ್ಲಿಸಿತು. ಹೊಟ್ಟೆಪಾಡಿಗಾಗಿ ಮನುಷ್ಯ ಮನುಷ್ಯನನ್ನು ಎಳೆಯುವುದು ಹೀನಾಯವೆಂದು ಮನಗಂಡದ್ದು ನ್ಯಾಯವೇ. ಆದರೆ ಪ್ರೀತಿಯಿಂದ ತುಳಿದಾಗ ಅದೇ ಶ್ರಮ ಸೇವೆಯಾಗುತ್ತದೆ.

ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಕಲ್ಹಟ್ಟಿ ಘಾಟಿಯಲ್ಲಿ 36 ತಿರುವುಗಳಿವೆ. ಕೆಳಗೆ ಆನೆ ಸುಳಿಯುವ ಕಾಡುದಾರಿ. ಇಂತಹ ನೀಲಗಿರಿಯಲ್ಲಿ ಸೈಕಲ್ ಗಾಡಿ ಹೇಗೆ ಸಾಗೀತು ಎಂದು ವಾಚಕರು ಕೇಳಬಹುದು. ಗಾಡಿ ಬಾರದಿದ್ದರೂ ಅದರ ನಿಯಮ ಬರಬಹುದು. ಜೀಪಾಗಲಿ, ಆಟೋ ಆಗಲಿ, ಸಮತಟ್ಟಾದ ಕಡೆ ಗಾಲಿಕುರ್ಚಿಯಾಗಲಿ ಸಾಕು. ವಾರಕ್ಕೊಂದು ಗಂಟೆ ಬಿಡುವು ಮಾಡಿಕೊಳ್ಳುವ ತರುಣರು ಬೇಕು. ಎಲ್ಲಿಗೆ ಹೋಗಬೇಕೆಂಬುದನ್ನು ಹಿರಿಯರೇ ಹೇಳಲಿ.

ಅಂಗವಿಕಲರ ಹಕ್ಕುಗಳಿಗಾಗಿ 2016ರಲ್ಲಿ ಕಾಯಿದೆ ಬಂದಿದೆ. ಸಾರ್ವಜನಿಕ ಕಟ್ಟಡಗಳಿಗೂ ವಾಹನಗಳಿಗೂ ಅವರಿಗೆ ಪ್ರವೇಶ ಸುಗಮವಾಗಬೇಕೆಂದು ಅದು ವಿಧಿಸುತ್ತದೆ. ಆದರೆ ಬಾಗಿಲಿಗೆ ಬಂದು “ಬನ್ನಿ ಅಜ್ಜಿ, ಹೋಗಿಬರೋಣ” ಎನ್ನುವ ಜೊತೆಗಾರನನ್ನು ಕಾಯಿದೆ ಕಳುಹಿಸಲಾರದು.

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ಲಾಭವಿದೆ. ನಮ್ಮ ಮಕ್ಕಳಲ್ಲಿ ಅನೇಕರು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಓದುತ್ತಾರೆ. ಪಠ್ಯಪುಸ್ತಕದಲ್ಲಿಲ್ಲದ ಕನ್ನಡ, ಹಳೆಯ ಊರುಗಳ ಹೆಸರು, ಗಿಡಮರಗಳ ಗುರುತು ಹಿರಿಯರ ನಾಲಗೆಯಲ್ಲಿವೆ. ಮೂಲೆಯಲ್ಲಿ ಕುಳಿತವರಿಗೆ ಅದನ್ನು ಯಾರಲ್ಲಿ ಹೇಳುವುದು? ದಾರಿಯ ಒಂದು ಮರ, ಒಂದು ತಿರುವು ಕಂಡರೆ ಮಾತು ತಾನಾಗಿ ಹೊರಡುತ್ತದೆ. ಬರುವ ಭಾನುವಾರ ನಿಮ್ಮ ಮನೆಯ ಹಿರಿಯರನ್ನು ಎಲ್ಲಿಗೆ ಹೋಗಬೇಕೆಂದು ಕೇಳಿ ನೋಡಿ.