ಪೆಟ್ಟಿಗೆ ತಾನಾಗಿ ಆರಿದರೆ ಯಾರ ತಪ್ಪು?

ಈಗ ಹಳ್ಳಿ ಮನೆಗಳಲ್ಲೂ ಟಿ.ವಿ. ಇದೆ. ಕೆಲವು ಮನೆಗಳಲ್ಲಿ ಟಿ.ವಿ. ಜೊತೆಗೆ ಹೋಮ್ ಥಿಯೇಟರ್ ಕೂಡ ಇದೆ. ಮನೆಯಲ್ಲೇ ಸಿನಿಮಾ ಟಾಕೀಸಿನ ಹಾಗೆ ಶಬ್ದ ಕೇಳಿಸುವ ಸಾಧನ ಅದು. ಅದರಲ್ಲಿ ಒಂದು ದೊಡ್ಡ ಪೆಟ್ಟಿಗೆ ಇರುತ್ತದೆ. ಅದಕ್ಕೆ ರಿಸೀವರ್ ಅಂತ ಹೆಸರು. ಟಿ.ವಿ.ಯ ಶಬ್ದ ಮೊದಲು ಈ ಪೆಟ್ಟಿಗೆಗೆ ಬರುತ್ತದೆ. ಪೆಟ್ಟಿಗೆ ಅದಕ್ಕೆ ಬಲ ಕೊಡುತ್ತದೆ. ಆಮೇಲೆ ವೈರಿನ ಮೂಲಕ ಸ್ಪೀಕರುಗಳಿಗೆ ಕಳಿಸುತ್ತದೆ. 5 ಸ್ಪೀಕರು, ದಪ್ಪ ದನಿಗೆ 1 ವೂಫರ್ ಇದ್ದರೆ ಅದಕ್ಕೆ 5.1 ಸೆಟ್ ಅನ್ನುತ್ತಾರೆ.

ಈ ಪೆಟ್ಟಿಗೆ ಕೆಲವು ಸಲ ತಾನಾಗಿಯೇ ಆರಿಹೋಗುತ್ತೆ. ಮತ್ತೆ ಹಾಕಿದರೆ ಮತ್ತೆ ಆರುತ್ತೆ. ಆಗ ಏನು ಮಾಡಬೇಕು? ಬನ್ನಿ, ತಿಳಿಯೋಣ.

ನಾವು ಕಂಡ ಒಂದು ಮನೆ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬಾಕೆ ತಪ್ಪದೆ ಬರುತ್ತಿದ್ದರು. ಆ ಮನೆಯ ಸೊಸೆ. ಇದ್ದಕ್ಕಿದ್ದ ಹಾಗೆ ನಾಲ್ಕು ದಿನ ಬರಲಿಲ್ಲ. ಯಾಕೆ ಅಂತ ಕೇಳಲು ನಾವು ಮನೆಗೆ ಹೋದೆವು.

ಅತ್ತೆ ಬಾಗಿಲಲ್ಲೇ ಹೇಳಿದರು: "ನೋಡಿ ಟೀಚರಮ್ಮ, ಇವಳು ಏನೋ ಒತ್ತಿಬಿಟ್ಟಳು. ಮಗ ದುಡಿದು ತಂದ ಪೆಟ್ಟಿಗೆ ಹಾಳಾಯ್ತು. ನಾಲ್ಕಕ್ಷರ ಕಲಿತರೆ ಮಿಷನ್ನು ಮುಟ್ಟೋದಾ?"

ಸೊಸೆ ಒಳಗೆ ತಲೆ ತಗ್ಗಿಸಿ ಕೂತಿದ್ದರು. ರಿಪೇರಿಯವರು ಬಂದು ನೋಡಿದ್ದರಂತೆ. "ಒಳಗಿನ ಬೋರ್ಡು ಹೋಗಿದೆ. 3,500 ರೂಪಾಯಿ ಆಗುತ್ತೆ" ಅಂದಿದ್ದರಂತೆ. ಆ ಹಣವನ್ನು ಸೊಸೆಯೇ ಸಂಘದ ಉಳಿತಾಯದಿಂದ ತೆಗೆದು ಕೊಡಬೇಕು ಅಂತ ಮನೆಯಲ್ಲಿ ಮಾತಾಗಿತ್ತು.

ನಾವು ಕೇಳಿದೆವು: "ಪೆಟ್ಟಿಗೆ ಯಾವಾಗಿಂದ ಹೀಗೆ ಆಗ್ತಿದೆ?"

ಸೊಸೆ ಮೆಲ್ಲಗೆ ಹೇಳಿದರು: "ಹಬ್ಬಕ್ಕೆ ಸುಣ್ಣ ಹೊಡೆದ ಮೇಲೆ. ಹಾಕಿದ ತಕ್ಷಣ ಆರುತ್ತೆ. ಆರುವ ಮುಂಚೆ ಏನೋ ಅಕ್ಷರ ಮೂಡುತ್ತೆ. ಐದನೇ ಕ್ಲಾಸಿನ ಮಗಳು ಓದಿ ಹೇಳಿದಳು. ಪ್ರೊಟೆಕ್ಟ್ ಅಂತ ಇದೆಯಂತೆ."

ಪ್ರೊಟೆಕ್ಟ್ ಅಂದರೆ ಕಾಪಾಡು ಅಂತ ಅರ್ಥ. ಪೆಟ್ಟಿಗೆ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು!

ಪೆಟ್ಟಿಗೆ ಯಾಕೆ ಆರುತ್ತೆ?

ಕುಕ್ಕರ್ ನಿಮಗೆ ಗೊತ್ತು. ಅದರ ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಇರುತ್ತದೆ. ಆವಿ ಮಿತಿ ಮೀರಿದರೆ ಅದು ಬಿಟ್ಟುಕೊಂಡು ಆವಿ ಹೊರಗೆ ಹೋಗುತ್ತೆ. ಕುಕ್ಕರ್ ಸಿಡಿಯುವುದಿಲ್ಲ. ಹೊಲದ ಪಂಪಿನ ಸ್ಟಾರ್ಟರ್ ಕೂಡ ಹಾಗೆಯೇ. ಮೋಟರಿಗೆ ಭಾರ ಹೆಚ್ಚಾದರೆ ಟ್ರಿಪ್ ಆಗುತ್ತೆ. ಮೋಟರು ಸುಡುವುದಿಲ್ಲ.

ರಿಸೀವರಿನಲ್ಲೂ ಅಂಥ ಕಾವಲು ಇದೆ. ಒಳಗೆ ಬಿಸಿ ಹೆಚ್ಚಾದರೆ, ಇಲ್ಲವೇ ಕರೆಂಟು ಮಿತಿ ಮೀರಿ ಹರಿದರೆ ಅದು ಪೆಟ್ಟಿಗೆಯನ್ನು ಆರಿಸುತ್ತದೆ. ಆದ್ದರಿಂದ ಪೆಟ್ಟಿಗೆ ಆರಿತು ಅಂದ ಮಾತ್ರಕ್ಕೆ ಕೆಟ್ಟಿತು ಅಂತ ಅಲ್ಲ. ಎತ್ತು ಮಲಗಿತು ಅಂತ ಹೊಡೆಯಬಾರದು. ಭಾರ ಎಷ್ಟಿದೆ ಅಂತ ಮೊದಲು ನೋಡಬೇಕು.

ಯಾವಾಗ ಆರುತ್ತೆ? ಬರೆದಿಡಿ

ಒಂದು ಹಾಳೆ ತೆಗೆದುಕೊಳ್ಳಿ. ಪೆಟ್ಟಿಗೆ ಹಾಕಿದ ಗಂಟೆ ಬರೆಯಿರಿ. ಆರಿದ ಗಂಟೆ ಬರೆಯಿರಿ. ಶಬ್ದ ಎಷ್ಟು ಜೋರಾಗಿತ್ತು ಅಂತಲೂ ಬರೆಯಿರಿ. ಅರ್ಧ ಉತ್ತರ ಇದರಲ್ಲೇ ಸಿಗುತ್ತೆ.

1. ಹಾಕಿದ ತಕ್ಷಣ ಆರಿದರೆ

ಸ್ಪೀಕರಿನ ವೈರು ನೋಡಬೇಕು. ಈ ವೈರಿನ ಒಳಗೆ ಕೂದಲಿನಂಥ ತಾಮ್ರದ ಎಳೆಗಳು ಇರುತ್ತವೆ. ಒಂದು ವೈರು ಕೆಂಪು ಜಾಗಕ್ಕೆ, ಇನ್ನೊಂದು ಕಪ್ಪು ಜಾಗಕ್ಕೆ ಹೋಗುತ್ತದೆ. ಒಂದೇ ಒಂದು ಎಳೆ ಹೊರಗೆ ಚಾಚಿ ಪಕ್ಕದ್ದಕ್ಕೆ ತಗುಲಿದರೂ ಸಾಕು. ಶಾರ್ಟ್ ಆಗುತ್ತೆ. ಕಾವಲು ಎಚ್ಚರವಾಗುತ್ತೆ. ಇಲಿ ಕಡಿದ ವೈರಿನಲ್ಲೂ ಹೀಗೆ ಆಗುತ್ತೆ.

ಪತ್ತೆ ಮಾಡುವ ಕ್ರಮ ಹೀಗಿದೆ:

ಮೊದಲು ಸ್ವಿಚ್ಚು ಆರಿಸಿ. ಪ್ಲಗ್ಗು ಕಿತ್ತಿಡಿ. ಕೈ ಒಣಗಿರಲಿ. ಯಾವ ವೈರು ಎಲ್ಲಿತ್ತು ಅಂತ ಚೀಟಿ ಅಂಟಿಸಿ. ಆಮೇಲೆ ಸ್ಪೀಕರಿನ ಎಲ್ಲಾ ವೈರುಗಳನ್ನು ಪೆಟ್ಟಿಗೆಯಿಂದ ಬಿಚ್ಚಿ. ಈಗ ಬರೀ ಪೆಟ್ಟಿಗೆಗೆ ಕರೆಂಟು ಕೊಡಿ.

ಆಗಲೂ ಆರಿದರೆ ದೋಷ ಪೆಟ್ಟಿಗೆಯಲ್ಲೇ ಇರಬಹುದು. ತಿಳಿದವರಿಗೆ ತೋರಿಸಬೇಕು.

ಆರದೆ ನಿಂತರೆ ಪೆಟ್ಟಿಗೆ ಬಹುಮಟ್ಟಿಗೆ ಚೆನ್ನಾಗಿದೆ ಅಂತ ತಿಳಿಯಿರಿ. ದೋಷ ವೈರಿನಲ್ಲೋ ಸ್ಪೀಕರಿನಲ್ಲೋ ಇದೆ. ಮತ್ತೆ ಪ್ಲಗ್ಗು ಕಿತ್ತು ಒಂದು ಸ್ಪೀಕರು ಮಾತ್ರ ಜೋಡಿಸಿ. ಹಾಕಿ ನೋಡಿ. ಮತ್ತೆ ಆರಿಸಿ, ಪ್ಲಗ್ಗು ಕಿತ್ತು, ಎರಡನೆಯದು ಜೋಡಿಸಿ. ಯಾವುದನ್ನು ಜೋಡಿಸಿದಾಗ ಪೆಟ್ಟಿಗೆ ಆರುತ್ತದೋ ಅದರಲ್ಲೇ ದೋಷ ಇದೆ.

2. ಅರ್ಧ ಗಂಟೆ, ಒಂದು ಗಂಟೆ ಆದ ಮೇಲೆ ಆರಿದರೆ

ಇದು ಹೆಚ್ಚಾಗಿ ಬಿಸಿಯ ತೊಂದರೆ. ಪೆಟ್ಟಿಗೆಯ ಮೇಲೆ ಸಣ್ಣ ಸಣ್ಣ ಕಿಂಡಿಗಳಿವೆ. ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗಬೇಕು. ನಾವು ಚೆಂದಕ್ಕೆ ಅಂತ ಕಸೂತಿ ಬಟ್ಟೆ ಹೊದಿಸುತ್ತೇವೆ. ಮೇಲೆ ಸೆಟ್‌ಟಾಪ್ ಬಾಕ್ಸ್ ಇಡುತ್ತೇವೆ. ಬೀರುವಿನೊಳಗೆ ಇಟ್ಟು ಬಾಗಿಲು ಹಾಕುತ್ತೇವೆ. ಆಗ ಪೆಟ್ಟಿಗೆಗೆ ಉಸಿರು ಕಟ್ಟುತ್ತೆ.

ಬಟ್ಟೆ ತೆಗೆಯಿರಿ. ಮೇಲೆ ಏನೂ ಇಡಬೇಡಿ. ಮೇಲೆ, ಪಕ್ಕ, ಹಿಂದೆ ಒಂದು ಗೇಣು ಜಾಗ ಬಿಡಿ. ಪ್ಲಗ್ಗು ಕಿತ್ತು, ಕಿಂಡಿಯ ದೂಳನ್ನು ಒಣಗಿದ ಬ್ರಷ್ಷಿನಿಂದ ಒರೆಸಿ. ಒದ್ದೆ ಬಟ್ಟೆ ಬೇಡ. ಬಿಸಿಯಾಗಿ ಆರಿದ ಪೆಟ್ಟಿಗೆಯನ್ನು ಪೂರ್ತಿ ತಣ್ಣಗಾಗುವ ತನಕ ಹಾಕಬೇಡಿ.

3. ಶಬ್ದ ಜೋರು ಮಾಡಿದಾಗ ಆರಿದರೆ

ಭಾರ ಹೆಚ್ಚಾಗಿದೆ ಅಂತ ಅರ್ಥ. ಸ್ಪೀಕರಿನ ಹಿಂದೆ 4, 6, 8 ಅಂತ ಅಂಕಿ ಇರುತ್ತೆ. ಇದು ಓಮ್ ಲೆಕ್ಕ. ಓಮ್ ಅಂದರೆ ಕರೆಂಟಿಗೆ ಇರುವ ತಡೆಯ ಅಳತೆ. ಜಾರ್ಜ್ ಸೈಮನ್ ಓಮ್ ಅಂತ ಜರ್ಮನಿಯಲ್ಲಿ ಒಬ್ಬ ಶಾಲಾ ಮೇಷ್ಟ್ರು ಇದ್ದರು. ಈ ತಡೆಯ ಲೆಕ್ಕವನ್ನು ಅವರು 1827ರಲ್ಲಿ ಪುಸ್ತಕದಲ್ಲಿ ಬರೆದರು. ಅವರ ಹೆಸರೇ ಅಳತೆಗೆ ಬಂತು.

ಗದ್ದೆಯ ಕಾಲುವೆ ನೆನೆಸಿಕೊಳ್ಳಿ. ಅಡ್ಡ ಹಾಕಿದ ಮಣ್ಣು ಕಡಿಮೆ ಇದ್ದರೆ ನೀರು ಜಾಸ್ತಿ ಹರಿಯುತ್ತೆ. ಹಾಗೆಯೇ ಓಮ್ ಕಡಿಮೆ ಇದ್ದರೆ ಕರೆಂಟು ಜಾಸ್ತಿ ಹರಿಯುತ್ತೆ. ಪೆಟ್ಟಿಗೆಗೆ ಭಾರ ಜಾಸ್ತಿ. ಒಂದೇ ಜಾಗಕ್ಕೆ 8 ಓಮಿನ ಎರಡು ಸ್ಪೀಕರು ಅಕ್ಕಪಕ್ಕ ಜೋಡಿಸಿದರೆ ತಡೆ 4 ಓಮಿಗೆ ಇಳಿಯುತ್ತೆ. ಪೆಟ್ಟಿಗೆಯ ಹಿಂದೆ ಎಷ್ಟು ಓಮ್ ಅಂತ ಬರೆದಿರುತ್ತದೆ. ಅದಕ್ಕಿಂತ ಕಡಿಮೆ ಆಗಬಾರದು. ಒಂದು ಜಾಗಕ್ಕೆ ಒಂದೇ ಸ್ಪೀಕರು ಇರಲಿ.

ಮನೆ ಕರೆಂಟು 230 ವೋಲ್ಟ್ ಅಂತ ಲೆಕ್ಕ. ಸಂಜೆ ಅದು ತುಂಬಾ ಇಳಿದರೂ ಪೆಟ್ಟಿಗೆ ಆರಬಹುದು. ಅದೇ ಹೊತ್ತಿಗೆ ಫ್ಯಾನು ನಿಧಾನ ತಿರುಗುತ್ತದೆಯೇ ಅಂತ ನೋಡಿ. ಪ್ಲಗ್ಗು ಸಡಿಲ ಇದೆಯೇ ಅಂತಲೂ ನೋಡಿ.

4. ಸುಮ್ಮನಿದ್ದಾಗ ಆರಿದರೆ

ಇದು ದೋಷವೇ ಅಲ್ಲ. ಸ್ವಲ್ಪ ಹೊತ್ತು ಶಬ್ದ ಬರದಿದ್ದರೆ ಕೆಲವು ಪೆಟ್ಟಿಗೆಗಳು ಕರೆಂಟು ಉಳಿಸಲು ತಾವೇ ಮಲಗುತ್ತವೆ. ರಿಮೋಟಿನಲ್ಲಿ ಸ್ಲೀಪ್ ಅನ್ನುವ ಗುಂಡಿ ಒತ್ತಿದ್ದರೂ ಇಟ್ಟ ಹೊತ್ತಿಗೆ ಆರುತ್ತೆ.

ಇವನ್ನು ಮಾತ್ರ ಮಾಡಬೇಡಿ

ಪೆಟ್ಟಿಗೆಯ ಮುಚ್ಚಳ ಬಿಚ್ಚಬೇಡಿ. ಪ್ಲಗ್ಗು ಕಿತ್ತ ಮೇಲೂ ಒಳಗೆ ಕರೆಂಟು ಸ್ವಲ್ಪ ಹೊತ್ತು ಉಳಿದಿರುತ್ತೆ. ಜೀವಕ್ಕೆ ಅಪಾಯ.

ಫ್ಯೂಸ್ ಹೋದರೆ ದಪ್ಪ ತಂತಿ ಕಟ್ಟಬೇಡಿ. ಕಾವಲುಗಾರನನ್ನು ಕಟ್ಟಿಹಾಕಿದ ಹಾಗೆ ಆಗುತ್ತೆ.

ಸುಟ್ಟ ವಾಸನೆ, ಹೊಗೆ ಬಂದರೆ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತಿಡಿ. ಮತ್ತೆ ಹಾಕಿ ನೋಡಬೇಡಿ.

ಬಿಲ್ಲು, ಗ್ಯಾರಂಟಿ ಕಾರ್ಡು ಜೋಪಾನ ಮಾಡಿ. ಗ್ಯಾರಂಟಿ ಇದ್ದೂ ಅಂಗಡಿಯವರು ಕೇಳದಿದ್ದರೆ 1915ಕ್ಕೆ ಫೋನು ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಆ ಮನೆಯಲ್ಲಿ ಏನಾಯ್ತು?

ನಾವು ಹೇಳುತ್ತಾ ಹೋದೆವು. ಸೊಸೆಯೇ ಪ್ಲಗ್ಗು ಕಿತ್ತರು. ಚೀಟಿ ಬರೆದು ಅಂಟಿಸಿದರು. ಎಡ, ಬಲ, ನಡು, ಹಿಂದೆ ಎಡ, ಹಿಂದೆ ಬಲ. ಎಲ್ಲಾ ವೈರು ಬಿಚ್ಚಿದ ಮೇಲೆ ಪೆಟ್ಟಿಗೆ ಆರದೆ ನಿಂತಿತು. ಒಂದೊಂದೇ ಜೋಡಿಸಿದೆವು. 'ಹಿಂದೆ ಬಲ' ಜೋಡಿಸಿದಾಗ ಟಕ್ ಅಂತ ಆರಿತು.

ಬ್ಯಾಟರಿ ಹಿಡಿದು ನೋಡಿದರೆ ತಾಮ್ರದ ಒಂದು ಎಳೆ ಕಪ್ಪು ಜಾಗದಿಂದ ಕೆಂಪು ಜಾಗಕ್ಕೆ ಬಾಗಿ ತಗುಲಿತ್ತು. ಸುಣ್ಣ ಹೊಡೆಯುವಾಗ ವೈರು ಬಿಚ್ಚಿ ಮತ್ತೆ ಸಿಕ್ಕಿಸಿದವರು ಯಾರು? ಮನೆಯ ಮಗನೇ. ಅವರೂ ಬೇಕಂತ ಮಾಡಿದ್ದಲ್ಲ. ಅವಸರದಲ್ಲಿ ಎಳೆ ಹೊಸೆಯದೆ ಸಿಕ್ಕಿಸಿದ್ದರು.

ಪ್ಲಗ್ಗು ಕಿತ್ತು, ಎಳೆಗಳನ್ನು ಬತ್ತಿಯ ಹಾಗೆ ಬಿಗಿಯಾಗಿ ಹೊಸೆದು ಸಿಕ್ಕಿಸಿದ್ದಾಯ್ತು. ಪೆಟ್ಟಿಗೆ ಹಾಡಿತು. ಖರ್ಚು ಒಂದು ಪೈಸೆ ಇಲ್ಲ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸೊಸೆಗೆ ಹೇಳಿದರು: "ಆ ಚೀಟಿಗಳು ಅಲ್ಲೇ ಇರಲಿ ಕಣವ್ವ, ಕೀಳಬೇಡ. ಸಂಜೆ ಕ್ಲಾಸಿಗೆ ಹೊತ್ತಾಗುತ್ತೆ, ಹೊರಡು."

ಅಕ್ಕತಂಗಿಯರೇ, ಮಿಷನ್ನು ನಿಂತರೆ ಮೊದಲು ಹೆಂಗಸರ ಕೈಯನ್ನೇ ದೂರುತ್ತಾರೆ. ನಾವು ಹೆದರಿ ದೂರ ನಿಲ್ಲುವುದು ಬೇಡ. ಯಾವಾಗ ಆಯ್ತು, ಹೇಗಾಯ್ತು ಅಂತ ನೋಡೋಣ. ಬರೆದಿಡೋಣ. ಒಂದೊಂದಾಗಿ ಪರೀಕ್ಷೆ ಮಾಡೋಣ. ಆಗ ದೋಷ ಇರುವ ಜಾಗ ಸಿಗುತ್ತೆ. ಇಲ್ಲದ ಜಾಗದಲ್ಲಿ ಹೊರಿಸಿದ ದೂರೂ ಇಳಿಯುತ್ತೆ.