ದೇವನಹಳ್ಳಿಯ ಕೋಟೆ ಮತ್ತು ಚಕ್ಕೋತ

ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಹೊರಟ ಯಾತ್ರಿಕನು ವಿಮಾನನಿಲ್ದಾಣದ ಗದ್ದಲವನ್ನು ಹಿಂದಿಕ್ಕಿ ದೇವನಹಳ್ಳಿಯಲ್ಲಿ ಅರ್ಧದಿನ ತಂಗುವುದಾದರೆ, 1501ರಲ್ಲಿ ಆವತಿಯ ವಂಶದ ಮಲ್ಲಭೈರೇಗೌಡನು ಮಣ್ಣಿನಿಂದ ಕಟ್ಟಿಸಿದ, ಮುಂದೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕಲ್ಲಿನ ಕವಚವನ್ನು ತೊಟ್ಟ ಕೋಟೆಯು ಅವನನ್ನು ಎದುರುಗೊಳ್ಳುತ್ತದೆ. ಕೋಟೆಯೊಳಗೆ ಇಂದಿಗೂ ಜನವಸತಿಯುಂಟು. ವೇಣುಗೋಪಾಲಸ್ವಾಮಿಯ ದೇಗುಲದ ಭಿತ್ತಿಗಳಲ್ಲಿ ರಾಮಾಯಣದ ಕಥೆಯು ಶಿಲ್ಪರೂಪವನ್ನು ತಾಳಿ ನಿಂತಿದೆ. ಸಮೀಪದಲ್ಲೇ ಟಿಪ್ಪುವಿನ ಜನ್ಮಸ್ಥಳವನ್ನು ಸಾರುವ ಪುಟ್ಟ ಕಲ್ಲಿನ ಮಂಟಪವಿದೆ.

ಇಷ್ಟನ್ನು ಕಂಡ ಮೇಲೆ ದೇವನಹಳ್ಳಿಯ ಚಕ್ಕೋತವನ್ನು ಸವಿಯದೆ ಮರಳಲಾಗದು. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಈ ಹಣ್ಣಿನ ದಪ್ಪಸಿಪ್ಪೆಯನ್ನು ಸೀಳಿ, ಬೆಳ್ಳನೆಯ ಮೆತ್ತನೆಯ ತಿರುಳನ್ನು ಬಿಡಿಸಿ, ನಸುಗೆಂಪು ತೊಳೆಗೆ ಉಪ್ಪು ಖಾರ ಸವರಿ ಬಾಯಿಗಿಟ್ಟರೆ ಹುಳಿಯೂ ಸಿಹಿಯೂ ಒಂದಾಗಿ ಕರಗುತ್ತವೆ. ತೋಟಗಳು ನಿವೇಶನಗಳಾಗುತ್ತಿರುವ ಈ ದಿನಗಳಲ್ಲಿ, ಆ ರುಚಿಯನ್ನು ಉಳಿಸಿಕೊಳ್ಳುವುದು ಕೋಟೆಯನ್ನು ಕಾಯುವಷ್ಟೇ ಪವಿತ್ರವಾದ ಕರ್ತವ್ಯ.